ಡ್ಯಾಡಿ ಹೇಳಿಕೊಟ್ಟ ನೋಲೋ

ಜೆರಿಲಿನ್ ಬೆಳಗ್ಗೆಯಿಂದ ಫೋನಿಗೆ ಜೋತುಬಿದ್ದಿದ್ದಳು. ಮೆಡಿಕಲ್ ಕಾಲೇಜಿನ ಅರ್ಜಿಯನ್ನು ಸಂಜೆಯೊಳಗೆ ಕಳಿಸಬೇಕು. ಹೋದ ವರ್ಷ ಸೀಟು ಸಿಕ್ಕಿರಲಿಲ್ಲ, ಈ ವರ್ಷವೂ ತಪ್ಪಿದರೆ ಮುಗೀತು. ಎಲ್ಲ ತುಂಬಿಯಾಗಿತ್ತು, ಒಂದು ಪ್ರಶ್ನೆ ಬಿಟ್ಟು. ಯಾವತ್ತಾದರೂ ಯಾವುದಾದರೂ ಅಪರಾಧಕ್ಕೆ, ಅದು ಸಣ್ಣದೇ ಇರಲಿ, ತಪ್ಪೊಪ್ಪಿಕೊಂಡಿದ್ದೀರಾ, ಇಲ್ಲವೇ ತಪ್ಪನ್ನು ಒಪ್ಪದೆ, ಅಲ್ಲಗಳೆಯದೆ ದಂಡಕ್ಕೆ ಒಪ್ಪುವ 'ನೋಲೋ' ಹೇಳಿದ್ದೀರಾ?

ಅಲ್ಲ, ಅವಳು ಮಾಡಿದ್ದಾದರೂ ಏನು? ಹೋದ ವರ್ಷದ ಅರ್ಜಿ ಕಳಿಸಿದ ಮೇಲೆ ಒಮ್ಮೆ ಹೆದ್ದಾರಿಯಲ್ಲಿ ಜೋರಾಗಿ ಕಾರು ಓಡಿಸಿ, ಪೊಲೀಸರಿಂದ ದಂಡದ ಟಿಕೆಟ್ ಪಡೆದು, ಕೋರ್ಟಿನಲ್ಲಿ ನೋಲೋ ಅಂದಿದ್ದಳು. ಕುಡಿದಿರಲಿಲ್ಲ, ಯಾರಿಗೂ ಗುದ್ದಿರಲಿಲ್ಲ. ಸೋದರತ್ತೆ ಮನೆಯಲ್ಲಿ ಮೀನು ಕರಿಯುತ್ತಿದ್ದರು, ಬಿಸಿಬಿಸಿ ತಿನ್ನುವ ಆಸೆಗೆ ಕಾಲು ಒತ್ತಿದ್ದಳು. ಇದಕ್ಕೂ ಡಾಕ್ಟರಾಗುವುದಕ್ಕೂ ಎತ್ತಣಿಂದೆತ್ತ ಸಂಬಂಧ!

ಕಾಲೇಜುಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಆಫೀಸಿಗೆ ಫೋನು ಹಚ್ಚಿದರೆ, "ಕಾನೂನಿನ ವಿಷಯ ನಾವು ಹೇಳೋ ಹಾಗಿಲ್ಲ, ಕಾಲೇಜನ್ನ ಕೇಳಿ" ಅಂದರು. ಕಾಲೇಜಿನವರು, "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಬರೀರಿ. ಆದರೆ ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದ್ರೆ ಸೀಟು ಹೋಗುತ್ತೆ" ಅಂದರು. ಸರಿ ಯಾವುದು ಅಂತಲೇ ಅಲ್ಲವೇ ಅವಳು ಕೇಳಿದ್ದು? ಫೋನನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು.

ಕೊನೆಗೆ ಊರಿನ ಕೋರ್ಟಿಗೆ ಮಾಡಿದಳು. ಗುಮಾಸ್ತೆ ಮಿಸ್ ವರ್ಡೆಲ್ ಚರ್ಚಿನಲ್ಲಿ ಇವರ ಹಿಂದಿನ ಬೆಂಚಿನವಳೇ.

"ಅಯ್ಯೋ ಚಿನ್ನ, ನಮ್ಮ ಜಾರ್ಜಿಯಾ ರಾಜ್ಯದಲ್ಲಿ ಜೋರಾಗಿ ಗಾಡಿ ಓಡಿಸಿದ್ರೂ ಅದು ಕ್ರಿಮಿನಲ್ ಲೆಕ್ಕಾನೇ. ನಿಂದು ದಾಖಲೆಯಲ್ಲಿ ಹಾಗೇ ಕೂತಿದೆ."

"ನೋಲೋ ಅಂದ್ರೆ ಏನೂ ಆಗೇ ಇಲ್ಲ ಅಂತ ಅರ್ಥ ಅಲ್ವಾ ಮ್ಯಾಮ್?"

"ಯಾರು ಹೇಳಿದ್ದು ನಿಂಗೆ? ಲೈಸೆನ್ಸ್ ಮೇಲೆ ತಪ್ಪಿನ ಪಾಯಿಂಟ್ ಬೀಳಲ್ಲ, ಅಷ್ಟೇ. ಅವತ್ತು ಸುಮ್ನೆ ಡ್ರೈವಿಂಗ್ ಕ್ಲಾಸಿಗೆ ಹೋಗ್ತೀನಿ ಅಂದಿದ್ರೆ ಕೇಸೇ ಕೈಬಿಡ್ತಿದ್ರು ಕಣಮ್ಮ. ಎಲ್ರಿಗೂ ಹಾಗೇ ಮಾಡ್ತಿದ್ರು."

ಯಾರು ಹೇಳಿದ್ದು? ಹೇಳಿದ್ದು ಅವಳ ಅಪ್ಪ, ಹಾರ್ಲನ್. ಆ ಕಡೆ ಟಿಕೆಟ್ ಸಿಕ್ಕವರೆಲ್ಲ ನೋಲೋ ಅನ್ನುತ್ತಾರೆ. ತಪ್ಪು ಮಾಡಿದೆ ಅನ್ನುವುದೂ ಇಲ್ಲ, ಮಾಡಿಲ್ಲ ಅಂತ ವಾದಿಸುವುದೂ ಇಲ್ಲ, ದಂಡ ಕಟ್ಟಿ ಮನೆಗೆ ಬಂದು ಊಟಕ್ಕೆ ಕೂರುವುದು. ಮಗಳಿಗೆ ಟಿಕೆಟ್ ಸಿಕ್ಕಾಗ ಹಾರ್ಲನ್ ಲಾರಿ ರಿಪೇರಿ ಕೆಲಸಕ್ಕೆ ರಜೆ ಹಾಕಿ, ಭಾನುವಾರದ ಸೂಟು ತೊಟ್ಟು, ಜಡ್ಜ್ ಎದುರು ಅವಳ ಪಕ್ಕದಲ್ಲೇ ಎದೆ ಸೆಟೆಸಿ ನಿಂತಿದ್ದ. ವಕೀಲನ ಖರ್ಚಿಲ್ಲದೆ ಗೆದ್ದೆ ಅಂತ ದಾರಿಯುದ್ದಕ್ಕೂ ಬೀಗಿದ್ದ.

ಹಾರ್ಲನ್ ಕೆಲಸದಿಂದ ಬಂದಾಗ ಜೆರಿಲಿನ್ 'ಹೌದು' ಅನ್ನುವುದಕ್ಕೆ ಗುರುತು ಹಾಕಿ, ಕೆಳಗೆ ವಿವರಣೆ ಬರೆಯುತ್ತಿದ್ದಳು. ಮಿಸ್ ವರ್ಡೆಲ್ ಹೇಳಿದ್ದನ್ನು ಅಪ್ಪನಿಗೆ ಹೇಳುವುದೇ ಬೇಡ ಅಂದುಕೊಂಡಿದ್ದಳು. ಆದರೆ ಅವನು, "ಅದನ್ಯಾಕೆ ಕೆದಕ್ತೀಯಾ, ಅದು ಮುಗಿದ ಕಥೆ, ನಾನೇ ಮುಗಿಸಿದೀನಿ" ಅಂದಾಗ ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು, ಡ್ರೈವಿಂಗ್ ಕ್ಲಾಸಿನದನ್ನೂ ಸೇರಿಸಿ.

ಅವನು ಕುರ್ಚಿ ಎಳೆದು ಕೂತ. ಕನ್ನಡಕ ಹಾಕಿಕೊಂಡು ಪರದೆಯ ಮೇಲಿದ್ದುದನ್ನು ತುಟಿಯಾಡಿಸುತ್ತಾ ಓದಿದ.

"ನೋಲೋ ಹೇಳಬೇಕು ಅಂತ ನಿರ್ಧಾರ ಮಾಡಿದ್ದು ನಾನೇ, ಅಂತ ಬರ್ದಿದೀಯಲ್ಲ. ಇದು ಸುಳ್ಳು."

"ಗಾಡಿ ಓಡ್ಸಿದ್ದು ನಾನೇ ತಾನೇ ಡ್ಯಾಡಿ?"

"ಓಡ್ಸಿದ್ದು ನಿಂದು. ನೋಲೋ ನಂದು. ಇಲ್ಲಿ ಎಲ್ಲಾ ನಿಜ ಅಂತ ಸಹಿ ಹಾಕ್ತೀಯಲ್ಲ? ಬರಿ. ನನ್ನ ಅಪ್ಪನಿಗೆ ಕಾನೂನು ಗೊತ್ತಿರಲಿಲ್ಲ, ಅವರು ಹೇಳಿದ್ದನ್ನ ನಾನು ನಂಬಿದೆ, ಅಂತ."

"ಬರೆಯಲ್ಲ ನಾನು."

"ಹಾಗಾದ್ರೆ ಇತ್ತ ಕೊಡು."

ಗ್ರೀಸು ಮೆತ್ತಿದ ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಅವನೇ ಒತ್ತಿದ. ಅವಳಿಗೆ ನೋಡಲಾಗಲಿಲ್ಲ. ತಡೆಯಲೂ ಆಗಲಿಲ್ಲ, ಅವನು ಹೇಳಿದ್ದು ನಿಜವಾಗಿತ್ತು. ಬರೆದು ಮುಗಿಸಿದ ಮೇಲೆ ಅವಳು ಅರ್ಜಿ ಕಳಿಸಿದಳು. ತಲುಪಿದೆ, ಧನ್ಯವಾದ ಅಂತ ಪರದೆಯ ಮೇಲೆ ಬಂತು.

"ಈಗ ಸೀಟು ಕೊಡ್ತಾರಾ?"

"ಗೊತ್ತಿಲ್ಲ."

"ಯಾರಿಗೆ ಗೊತ್ತು ಮತ್ತೆ?"

"ಯಾರಿಗೂ ಗೊತ್ತಿಲ್ಲ ಡ್ಯಾಡಿ! ಇಡೀ ದಿನ ಅದನ್ನೇ ಕೇಳಿ ಸಾಕಾಗಿದೆ!"

ಅವನು ಅಂಗೈಯ ಗ್ರೀಸು ಉಜ್ಜಿಕೊಂಡ. ಆಮೇಲೆ ಮುಖ ಅರಳಿತು. "ನಾಳೆ ಸೂಟು ಹಾಕ್ಕೊಂಡು ಆ ಜಡ್ಜ್ ಹತ್ರಾನೇ ಹೋಗ್ಲಾ? ನಾನೇ ಮಾತಾಡ್ತೀನಿ. ನನ್ನ ಮಾತು ಕೇಳ್ತಾರೆ ಅವ್ರು."

"ದಮ್ಮಯ್ಯ ಅಂತೀನಿ, ಇನ್ಮೇಲೆ ನಂಗೆ ಸಹಾಯ ಮಾಡ್ಬೇಡಿ!"

ಬೆಳಗ್ಗೆಯಿಂದ ಫೋನಿನಲ್ಲಿ ಸಿಕ್ಕವರಿಗೆಲ್ಲ ಹಾಕಬೇಕಾಗಿದ್ದ ಕೂಗು ಅದು. ಆಡಿದ ಮಾತನ್ನು ನುಂಗಿಕೊಳ್ಳಲು ಆಗುವಂತಿದ್ದರೆ ಅವಳು ಆ ಕ್ಷಣವೇ ನುಂಗಿಕೊಳ್ಳುತ್ತಿದ್ದಳು.

ಹಾರ್ಲನ್ ಕನ್ನಡಕ ತೆಗೆದು ಮಡಚಿ ಜೇಬಿಗಿಟ್ಟ.

"ಆಯ್ತಮ್ಮ, ಮಾಡಲ್ಲ" ಅಂದ.