ರೂಢಿ ಆಗುವತನಕ

"ಅಳ್ತಾಳ, ನೋಡ್ತಿರ್ರಿ," ಎಂದ ನಿಂಗರಾಜ, ಎರಡನೆಯ ಸಲ.

ಅಂಜಲಿ ಅಳಲಿಲ್ಲ. ಚಪ್ಪಲಿ ಬಿಚ್ಚಿ ಬೇರೆ ಮಕ್ಕಳ ಚಪ್ಪಲಿಗಳ ಮೇಲೆ ಒಗೆದು ಒಳಗೆ ಹೋದಳು. ಅಲ್ಲೊಬ್ಬ ಹುಡುಗನ ಕೈಯಲ್ಲಿದ್ದ ಪ್ಲಾಸ್ಟಿಕ್ ಟ್ರ್ಯಾಕ್ಟರ್ ಕಿತ್ತುಕೊಂಡಳು. ಅತ್ತದ್ದು ಆ ಹುಡುಗ.

"ಶಾಣ್ಯಾ ಅದಾಳ್ರೀ ನಿಮ್ಮ ಮಗಳು," ಎಂದಳು ಶೇಖರಮ್ಮ. ಸಿಂಧನೂರಿನ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಪಡಸಾಲೆಗೆ ಹಳದಿ ಬಣ್ಣ ಬಳಿಸಿ ಆಕೆ ಈ ಪ್ಲೇಹೋಮ್ ತೆರೆದಿದ್ದಳು. "ನೀವಿನ್ನ ಹೋಗ್ರಿ ಸರ್."

"ಹಂಗ ಒಮ್ಮೆಲೇ ಹೋಗಬಾರದ್ರೀ. ಅದಕ್ಕೊಂದು ಪದ್ಧತಿ ಐತಿ."

ಪದ್ಧತಿಯನ್ನು ಅವನು ಹಾಲೆಂಡಿನಲ್ಲಿ ಕಲಿತಿದ್ದ. ಮೊದಮೊದಲು ಅಪ್ಪನೋ ಅಮ್ಮನೋ ಮೂಲೆಯಲ್ಲಿ ಸುಮ್ಮನೆ ಕೂತಿರಬೇಕು. ಆಮೇಲೆ ಮಗುವಿಗೆ ಹೇಳಿ ಸ್ವಲ್ಪ ಹೊತ್ತು ಹೊರಗೆ ಹೋಗಬೇಕು. ಮಗು ಅಳುತ್ತದೆ. ಮರಳಿ ಬರಬೇಕು. ಹೀಗೆ ರೂಢಿ ಆಗುವತನಕ. ಅಲ್ಲಿ ಅಂಜಲಿ ವಾರಗಟ್ಟಲೆ ಅತ್ತಿದ್ದಳು, ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದು. ಅವನ ಭುಜ ಸದಾ ಒದ್ದೆ. ಒದ್ದೆ ಭುಜ ಕಂಡರೆ ಅವನ ಪ್ರೊಫೆಸರು ಕೂಡ ವರದಿಯ ಮಾತೆತ್ತುತ್ತಿರಲಿಲ್ಲ.

ಅಲ್ಲಿ ಅವನು ಉಪ್ಪೇರಿದ ಸವಳು ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಸಂಶೋಧನೆ ಮುಗಿಯಿತು, ಮುಂದುವರಿಸುವುದಿಲ್ಲ ಎಂದರು, ಮೂವರೂ ಊರಿಗೆ ಬಂದರು. ಅವನು ಸೂಟ್‌ಕೇಸ್ ಖಾಲಿ ಮಾಡುವುದರೊಳಗೆ ಹೆಂಡತಿ ಸುಕನ್ಯಾಳಿಗೆ ಸಿಂಧನೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಮನೆ ಹುಡುಕುವತನಕ ಅಂಜಲಿ ಮಸ್ಕಿಯಲ್ಲಿ ಅಜ್ಜಿ ಗ್ಯಾನಮ್ಮನ ಹತ್ತಿರ ಬೆಳೆದು, ಡಚ್ಚು ಮರೆತು, ಕೋಳಿಗಳನ್ನು ಬೈಯುವಷ್ಟು ಕನ್ನಡ ಕಲಿತಿದ್ದಳು.

"ಸವಳು ನೋಡಾಕ ಅಷ್ಟ್ ದೂರ ಹೋಗಿದ್ರೇನ್ರೀ ಅಳಿಯಂದ್ರ?" ಎಂದು ಮಾವ ದುರುಗಪ್ಪ ನಿಜವಾದ ಕುತೂಹಲದಿಂದ ಕೇಳಿದ್ದ. "ಇಲ್ಲೇ ಜವಳಗೇರಾದಾಗನೂ ಐತಲ್ರೀ. ಬಸ್ ಸೈತ ಐತಿ."

ಅರ್ಜಿಗಳಿಗೆ ಉತ್ತರ ಬಂದಿರಲಿಲ್ಲ. ಹಾಗಾಗಿ ಮಗಳನ್ನು ಪ್ಲೇಹೋಮಿಗೆ ಒಗ್ಗಿಸುವುದು ಅವನ ಕೆಲಸವಾಯಿತು. ಒಂದು ತಿಂಗಳಾದರೂ ಬೇಕು ಎಂದು ಎಲ್ಲರಿಗೂ ಹೇಳಿದ್ದ. ಬೀಜದ ಕಂಪನಿಯೊಂದರಿಂದ ಬಂದ ಒಂದೇ ಒಂದು ಫೋನಿಗೂ, "ಈ ತಿಂಗಳು ನಾನು ಬಿಜಿ," ಎಂದಿದ್ದ. ಆ ಕಡೆಯವರು ನಿರಾಳವಾಗಿ "ಸರಿ" ಎಂದು ಇಟ್ಟುಬಿಟ್ಟಿದ್ದರು.

ಪದ್ಧತಿಯಂತೆ ನಿಂಗರಾಜ ಮೂಲೆಯಲ್ಲಿ ಮಕ್ಕಳ ಕುರ್ಚಿಯಲ್ಲಿ ಕೂತ. ಮೊಣಕಾಲು ಗದ್ದಕ್ಕೆ ಬಂದವು. ಆಯಾ ಹಸೀನಾಬೀ ಕಸಬರಿಗೆ ಹಿಡಿದು ನಿಂತಳು.

"ದೊಡ್ಡ ಕುರ್ಚಿ ತರ್ಲೇನ್ರೀ?"

"ಬ್ಯಾಡಮ್ಮ. ನಾ ಇಲ್ಲ ಅಂತ ತಿಳ್ಕೊ."

"ಆತ್ರೀ." ಅಲ್ಲಿಂದ ಅವಳು ಅವನ ಸುತ್ತ, ಒರಳುಕಲ್ಲಿನ ಸುತ್ತ ಗುಡಿಸುವಂತೆ, ಗುಡಿಸಿಕೊಂಡು ಹೋದಳು.

ತಡವಾಗಿ ಮಗು ಬಿಡಲು ಬಂದವಳೊಬ್ಬಳಿಗೆ ಶೇಖರಮ್ಮ ಅವನನ್ನು ತೋರಿಸಿದಳು. "ಫಾರಿನ್‌ದಿಂದ ಬಂದಾರ. ಮಗಳನ್ನ ನಮ್ಮಲ್ಲೇ ಬಿಟ್ಟಾರ."

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವ್ರಿಗೂ ಊಟ ಇಲ್ಲೇ ಏನ್ರೀ?" ಎಂದಳು.

ಇನ್ನು ಹೊರಗೆ ಹೋಗುವ ಹಂತ. ಕದ್ದು ಹೋಗಬಾರದು, ಅದು ಮೋಸ. ಅಂಜಲಿಯ ಮುಂದೆ ಮಂಡಿಯೂರಿ, ಅವಳ ಕಣ್ಣಲ್ಲಿ ಕಣ್ಣಿಟ್ಟು, "ಪಪ್ಪಾ ಈಗ ಹೋಗ್ತಾನ. ತಿರುಗಿ ಬರ್ತಾನ," ಎಂದ.

ಅವಳು ಟ್ರ್ಯಾಕ್ಟರಿನಿಂದ ತಲೆ ಎತ್ತದೆ, "ಹೋಗ್ರಿ," ಎಂದಳು.

ಹೋಗ್ರಿ. ಮನೆಯಲ್ಲಿ ಅವಳಿಗೆ ಅವನು 'ನೀ' ಆಗಿದ್ದ. 'ರೀ' ಎಂದರೆ ಹಾಲಿನವನು, ಕಂಡಕ್ಟರು.

ಓಣಿಯ ತಿರುವಿನವರೆಗೆ ನಡೆದ. ಭತ್ತ ಹೇರಿದ ಟ್ರ್ಯಾಲಿಗಳು ಮಿಲ್ಲಿನ ಕಡೆ ತಿರುಗುತ್ತಿದ್ದವು. ಹೊರಗೆ ಹೋದ ಅಪ್ಪ ಅಲ್ಲಿ ಏನು ಮಾಡಬೇಕು ಎಂದು ಪದ್ಧತಿಯಲ್ಲಿ ಹೇಳಿರಲಿಲ್ಲ. ಅಂಗಡಿಯೊಂದರ ಮುಂದೆ ನಿಂತ. ಏನು ಬೇಕೆಂದು ಅಂಗಡಿಯವ ಕೇಳಿದ. ಏನೂ ಬೇಡವೆಂದ. ಹಾಗಾದರೆ ಸ್ವಲ್ಪ ಸರಿದು ನಿಲ್ಲಿ ಎಂದ ಅಂಗಡಿಯವ.

ಮರಳಿ ಬಂದು ಕಿಟಕಿಯ ಕೆಳಗೆ ಕಿವಿಗೊಟ್ಟ. ಅಳು! ಒಳಗೆ ಓಡಿದ.

ಅಳುತ್ತಿದ್ದವನು ಟ್ರ್ಯಾಕ್ಟರು ಕಳೆದುಕೊಂಡ ಆಂಜನೇಯ. ಅಂಜಲಿ ಮಂಡಕ್ಕಿ ಮುಕ್ಕುತ್ತಿದ್ದಳು.

"ಅಂಜಲಿ, ಪಪ್ಪಾ ಹೋಗಿಬಿಟ್ಟಿದ್ದ, ಗೊತ್ತೇನು? ಭಾಳ ದೂರ."

"ಹೂಂ."

"ನಿನಗ ಹಿಂಗ ಆಗಲಿಲ್ಲೇನು?" ಕೆಳತುಟಿಯನ್ನು ಮುಂದೆ ಚಾಚಿ, ನಡುಗಿಸಿ ತೋರಿಸಿದ. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಆದರೂ ಇನ್ನಷ್ಟು ನಡುಗಿಸಿದ.

ಅಂಜಲಿ ಕೇಕೆ ಹಾಕಿ ನಕ್ಕಳು. ತಾನೂ ತುಟಿ ಚಾಚಿದಳು. ಪಕ್ಕದವಳು ಚಾಚಿದಳು. ನೋಡನೋಡುತ್ತ ಪಡಸಾಲೆಯ ಮಕ್ಕಳೆಲ್ಲ ತುಟಿ ಚಾಚಿ ಅವನತ್ತ ತಿರುಗಿ ನಿಂತರು.

ಒಳಗಿನಿಂದ ಬಂದ ಶೇಖರಮ್ಮ, "ಇದ್ಯಾವ ಆಕ್ಷನ್ ಸಾಂಗ್‌ರೀ ಸರ್?" ಎಂದು ಕೇಳಿದಳು. "ಚೊಲೋ ಐತಿ. ವರ್ಷದ ಗ್ಯಾದರಿಂಗ್‌ದಾಗ ಮಾಡಸೋಣ."

ತುಟಿ ಚಾಚದೆ ಉಳಿದವನು ಆಂಜನೇಯ ಒಬ್ಬನೇ. ಅವನದು ನಿಜವಾದ ಅಳು. ಅವನು ನೆಟ್ಟಗೆ ಬಂದು ನಿಂಗರಾಜನ ತೊಡೆ ಹತ್ತಿ, ಕಾಲರು ಹಿಡಿದು, ಮುಖವನ್ನು ಭುಜಕ್ಕೆ ಒತ್ತಿದ. ಭುಜ ಒದ್ದೆಯಾಯಿತು. ನಿಂಗರಾಜ ಕಣ್ಣು ಮುಚ್ಚಿದ.

"ಹೊಸಾಂವ್ರೀ. ಯಾರ ಹತ್ರನೂ ನಿಲ್ಲೂದಿಲ್ಲ," ಎಂದಳು ಹಸೀನಾಬೀ.

"ಇವಂಗ ಟೈಮ್ ಬೇಕಮ್ಮ," ಎಂದ ನಿಂಗರಾಜ. ಎಷ್ಟೋ ತಿಂಗಳ ಮೇಲೆ ಅವನ ದನಿಯಲ್ಲಿ ವಿಷಯ ಬಲ್ಲವನ ತೂಕವಿತ್ತು.

ಊಟದ ಮೇಲೆ ಚಾಪೆ ಹಾಸಿದರು. ಆಂಜನೇಯ ಕಾಲರು ಬಿಡಲಿಲ್ಲ. ನಿಂಗರಾಜನೂ ಮಲಗಬೇಕಾಯಿತು. ಕಾಲುಗಳು ಹೊಸ್ತಿಲು ದಾಟಿದವು. ಹಸೀನಾಬೀ ಸಾಲಾಗಿ ಒಂದೊಂದು ಮಗುವನ್ನೂ ತಟ್ಟುತ್ತ ಬಂದಳು. ರೂಢಿಯ ಕೈ ಅವನ ತೋಳನ್ನೂ ಎರಡು ಸಲ ತಟ್ಟಿ ಮುಂದಿನ ಮಗುವಿಗೆ ಹೋಯಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಚಾಪೆಗಳನ್ನೆಲ್ಲ ಸುತ್ತಿ ಗೋಡೆಗೆ ಆನಿಸಿದ್ದರು, ಅವನದೊಂದನ್ನು ಬಿಟ್ಟು. ಆಂಜನೇಯನ ತಾಯಿ ರೂಪಾ ಬಗ್ಗಿ ಅವನ ತೋಳಿನಡಿಯಿಂದ ಮಗನನ್ನು ಹಗುರಾಗಿ ಎಳೆದುಕೊಳ್ಳುತ್ತಿದ್ದಳು. ಹುಡುಗ ತಾಯಿಯ ಸೊಂಟವೇರಿ ಹೊರಟ. ತಿರುಗಿ ನೋಡಲಿಲ್ಲ.

"ಅಂಜಲಿ?"

"ನಿಮ್ಮ ಮನಿ ಮೇಡಂ ಬಂದು ಕರಕೊಂಡು ಹೋದ್ರಲ್ರೀ," ಎಂದಳು ಹಸೀನಾಬೀ.

"ನನ್ನ ಎಬ್ಬಸಬೇಕಿತ್ತು."

"ಎಬ್ಬಸ್ತೀನಿ ಅಂದ್ನಿರೀ. ಮಲಗ್ಲಿ ಬಿಡು, ಎದ್ದು ಬರ್ತಾರ, ಮನಿ ಇಲ್ಲೇ ಐತಲ್ಲ ಅಂದ್ರು."

"ಅಂಜಲಿ ಏನಾರ ಅಂದಳೇನು?"

"ನಾಳೆ ಬರ್ತೀನಿ ಅಂದ್ಳರೀ."

"ನನಗ?"

"ಟ್ರ್ಯಾಕ್ಟರಿಗೆ." ಅವಳು ನೀರಿನ ಬಕೆಟ್ಟು ತಂದಿಟ್ಟಳು. "ಹೊರಗ ಕುಂದುರ್ರಿ, ನೆಲ ಒರಸ್ತೀನಿ."

ಅಂಗಳದಲ್ಲಿ, ಗೇಟಿನೆದುರು, ಮಕ್ಕಳು ಮನೆಯವರ ದಾರಿ ನೋಡುತ್ತ ಕೂರುವ ಗಿಡ್ಡ ಬೆಂಚು. ಅದರ ತುದಿಯಲ್ಲಿ ಕೂತ. ಬೇರೆಲ್ಲೂ ಕೂರುವ ಜಾಗವಿರಲಿಲ್ಲ. ಕೆನ್ನೆಯ ಮೇಲೆ ಚಾಪೆಯ ಗೀರುಗಳು ಉರಿಯುತ್ತಿದ್ದವು. ಚಿಕ್ಕವರು ತೆಗೆಯಬಾರದೆಂದು ಗೇಟಿನ ಚಿಲಕವನ್ನು ಹೊರಗಡೆ ಹಚ್ಚಿದ್ದರು. ದೊಡ್ಡವರ ಕೈ ಮೇಲಿನಿಂದ ಸಲೀಸಾಗಿ ನಿಲುಕುವಂತಿತ್ತು. ಅದು ಅವನಿಗೆ ಕಾಣಿಸುತ್ತಲೇ ಇತ್ತು.

ಓಣಿಯ ತಿರುವಿನಲ್ಲಿ ಆಟೋದ ಸದ್ದಾಯಿತು. ಅರ್ಧ ಎದ್ದ. ಆಟೋ ಗೇಟಿನ ಎದುರು ತುಸು ನಿಧಾನಿಸಿ, ಮುಂದೆ ಹೋಯಿತು. ಮತ್ತೆ ಕೂತು, ಕಾಲು ಜೋಡಿಸಿ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ. ಎಲ್ಲೋ ಇನ್ನೊಂದು ಗಾಡಿ ಬರುತ್ತಿತ್ತು.