ಪಾಳಿ ಯಾರಿಗೆ ಒಪ್ಪಿಸಲಿ

ವಾರ್ಡಿನಲ್ಲಿ ನಾನು ಅತ್ತೆಯನ್ನು ಸಿಸ್ಟರ್ ಎನ್ನುತ್ತೇನೆ. ಮನೆಯಲ್ಲೂ ಬಾಯಿತಪ್ಪಿ ಹಾಗೇ ಕರೆದರೆ ನನ್ನ ಗಂಡ ನಗುತ್ತಾನೆ. ಅತ್ತೆ ನಗುವುದಿಲ್ಲ.

ನಾವು ಕಿರಿಯ ನರ್ಸುಗಳೆಲ್ಲ ಒಂದು ಮಾತಿಗೆ ಬಂದಿದ್ದೆವು. ಮುಂದಿನ ಪಾಳಿಗೆ ಜನ ಬರದಿದ್ದರೆ ಯಾರೂ ಉಳಿಯಕೂಡದು. ರೋಗಿಗಳನ್ನು ಮೇಟ್ರನ್‌ಗೇ ಒಪ್ಪಿಸಿ ಹೊರಡಬೇಕು. ಐವರು ಇರಬೇಕಾದ ವಾರ್ಡನ್ನು ಇಬ್ಬರು ಎಳೆಯುತ್ತಿದ್ದೆವು. ಒಬ್ಬಳು ಉಳಿದರೂ ಕೆಲಸ ಹೇಗೋ ಸಾಗುತ್ತದೆ. ಸಾಗಿದರೆ ಹೊಸಬರನ್ನು ಯಾರು ತರುತ್ತಾರೆ?

ಮೊದಲ ಸರದಿ ನನಗೇ ಬಂತು. ಬೆಳಗಿನ ಪಾಳಿ ಮುಗಿದರೂ ಮಧ್ಯಾಹ್ನದವರ ಸುಳಿವಿಲ್ಲ. ನನ್ನ ಜೊತೆಗಿದ್ದ ಅತ್ತೆ ಆಗಲೇ ಕೈ ತೊಳೆದು ಮತ್ತೆ ತೋಳು ಮಡಚುತ್ತಿದ್ದರು.

"ನೀ ಹೊರಡು, ಮಗು ಕಾಯ್ತಿರುತ್ತೆ. ನಾನಿರ್ತೀನಿ."

"ಬೇಡ ಸಿಸ್ಟರ್. ಮೇಟ್ರನ್ ಮೇಡಂಗೆ ಒಪ್ಪಿಸ್ತೀನಿ."

"ಅವರಿಗಾ? ಅವರು ಸೂಜಿ ಹಿಡಿದು ಯಾವ ಕಾಲವಾಯ್ತೋ!" ನಾನು ನಗದೇ ಇದ್ದದ್ದನ್ನು ಕಂಡು ಅತ್ತೆಯ ಮುಖ ಗಂಟಾಯಿತು. "ಓಹೋ, ನಿಮ್ಮ ಗುಂಪಿನ ತೀರ್ಮಾನವೋ. ನನಗ್ಯಾರೂ ಹೇಳ್ಲೇ ಇಲ್ವಲ್ಲ."

ಹೇಳಿದ್ದರೆ ನಮ್ಮೆಲ್ಲರ ಪಾಳಿಯನ್ನೂ ತಾವೇ ಹೊತ್ತುಕೊಳ್ಳುತ್ತಿದ್ದರು.

"ನಿನ್ನ ಗಂಡ ಎಳೆಗೂಸಾಗಿದ್ದಾಗ ನನ್ನ ಡ್ಯೂಟಿ ಯಾರ್ಯಾರು ಮಾಡಿದ್ರು ಗೊತ್ತೇನೇ? ಹಾಲು ಕುಡಿಸಿ ಬಾರೇ ಅಂತ ಓಡಿಸೋರು. ಒಗ್ಗಟ್ಟು ಅಂದ್ರೆ ಅದು."

"ಆಗ ನೀವು ಐದು ಜನ ಇದ್ರಿ ಅತ್ತೆ." ಸಿಸ್ಟರ್ ಎನ್ನಲು ಮರೆತೆ. "ಒಬ್ಬೊಬ್ಬರೇ ರಿಟೈರಾದ ಹಾಗೆ ಅವರ ಕೆಲಸಾನೂ ನೀವೇ ಮಾಡಿದ್ರಿ. ಜಾಗ ಖಾಲಿ ಇದೆ ಅಂತ ಯಾರಿಗೂ ಕಾಣಲೇ ಇಲ್ಲ."

ಅಷ್ಟರಲ್ಲಿ ಮೇಟ್ರನ್ ಬಂದರು. "ನಿಮ್ಮತ್ತೆ ಇದ್ದಾರಲ್ಲಮ್ಮ, ನಿನಗೇನು ಚಿಂತೆ?"

ಬೇರೆ ವಾರ್ಡುಗಳಲ್ಲಿ ಪಾಳಿ ಮುಗಿಸಿದ ಗೆಳತಿಯರು ಬಾಗಿಲಲ್ಲಿ ನಿಂತಿದ್ದರು.

"ಅವರ ಡ್ಯೂಟಿ ಮುಗಿದಿದೆ ಮೇಡಂ. ನೀವೇ ತಗೊಳ್ಳಿ."

ಔಷಧಿ ಕಪಾಟಿನ ಕೀಲಿ ಅವರ ಕೈಗಿಟ್ಟು, ಹಾಸಿಗೆಯಿಂದ ಹಾಸಿಗೆಗೆ ನಡೆದು ಒಂದೇ ಉಸಿರಿಗೆ ಎಲ್ಲರನ್ನೂ ಒಪ್ಪಿಸಿದೆ. ಅತ್ತೆ ಜೊತೆಗೆ ಬರಲಿಲ್ಲ. ರೋಗಿಯನ್ನು ನೋಡಲು ಬಂದ ನೆಂಟರ ಹಾಗೆ ಸ್ಟೂಲಿನ ಮೇಲೆ ಸುಮ್ಮನೆ ಕೂತರು.

ಮೆಟ್ಟಿಲಿಳಿಯುವಾಗ ನಾವು ಚಿನಕುರಳಿ ಎಂದು ಕರೆಯುವ ಗೆಳತಿ ಬೆನ್ನು ತಟ್ಟಿದಳು. "ಅತ್ತೆ ಎದುರಿಗೇ! ಭಲೇ ಕಣೇ. ಇವತ್ತು ಮನೇಲಿ ಊಟ ಸಿಗುತ್ತಾ?"

ಎಲ್ಲರ ಜೊತೆ ನಾನೂ ನಕ್ಕೆ. ಗೇಟಿನ ಹತ್ತಿರ ಥಟ್ಟನೆ ನೆನಪಾಯಿತು. ಕಿಟಕಿ ಪಕ್ಕದ ಅಜ್ಜನಿಗೆ ಸಂಜೆಯೇ ಆಪರೇಷನ್, ಹನಿ ನೀರೂ ಕೊಡಬೇಡಿ ಎಂದು ಡಾಕ್ಟರು ಪಾಳಿಯ ಕೊನೆಗೆ ನನ್ನೊಬ್ಬಳಿಗೆ ಹೇಳಿ ಹೋಗಿದ್ದರು. ಗೆಲ್ಲುವ ಅವಸರದಲ್ಲಿ ಅದನ್ನೇ ನುಂಗಿಬಿಟ್ಟಿದ್ದೆ. ವಾರ್ಡಿನತ್ತ ತಿರುಗಿದೆ.

"ವಾಪಸ್ ಹೋದ್ಯೋ, ಎಲ್ಲ ಮುಗೀತು," ಎಂದಳು ಚಿನಕುರಳಿ.

ವಾರ್ಡಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ.

"ಮೇಡಂ ಎಲ್ಲಿ?"

"ಮೀಟಿಂಗ್ ಅಂತ ಹೋದ್ರು. ಏನು, ಹೇಳು."

ಹೇಳಿದೆ. ರಿಸೀವರ್ ಮೇಜಿಗೆ ಬಡಿದ ಸದ್ದು, ಓಡುವ ಹೆಜ್ಜೆಗಳು. ಮತ್ತೆ ಅತ್ತೆಯ ಏದುಸಿರು. "ಲೋಟ ತುಟಿಗೆ ಹಿಡಿದಿದ್ದ. ಕಿತ್ಕೊಂಡೆ." ಬೈಯುತ್ತಾರೆಂದು ಕಾದೆ. "ಹೂಂ. ನೀ ಮೇಡಂಗೆ ಒಪ್ಸಿದ್ದು ನಾ ಕೇಳಿಸ್ಕೊಂಡಿಲ್ಲ. ಅವನ ಪಕ್ಕದವನದು?"

ಅದನ್ನೂ ಹೇಳಿದೆ. ಆಮೇಲೆ ಅದರ ಪಕ್ಕದ್ದು. ಯಾರಿಗೆ ಪಾಳಿ ಒಪ್ಪಿಸುತ್ತಿದ್ದೇನೆಂದು ಚಿನಕುರಳಿಗೆ ತಿಳಿಯಿತು. ನನ್ನನ್ನು ಅಲ್ಲೇ ಬಿಟ್ಟು ಉಳಿದವರ ಜೊತೆ ಗೇಟು ದಾಟಿ ನಡೆದಳು.

"ಇದ್ದೀಯಾ?" ಅತ್ತೆ ಕೇಳಿದರು. "ಆ ಕಡೆ ಸಾಲು ಪೂರ್ತಿ ಬಾಕಿ ಇದೆ."