ಕೋಳಿ ಶೆಡ್ಡಿನ ದೋಣಿಗಳು

ಇದು ಕಟ್ಟುಕತೆಯಲ್ಲ, ಕಟ್ಟಿದವರ ಕತೆ. ಸುಳ್ಳು ಹೇಳುವುದೇ ಆಗಿದ್ದರೆ ಪಕ್ಕದಲ್ಲಿ ಒಂದು ಸಮುದ್ರವನ್ನಾದರೂ ಇಟ್ಟುಕೊಂಡು ಹೇಳಬಹುದಿತ್ತು. ಇಲ್ಲಿ ಸಮುದ್ರವಿಲ್ಲ. ಮಾಕಳಿದುರ್ಗದ ಬೆಟ್ಟ, ಅದರ ಬುಡದಲ್ಲಿ ನೀಲಗಿರಿ ತೋಪು, ರೈಲು ಹಳಿ, ಹಳಿ ದಾಟಿದರೆ ಸುನಿಲ್‌ಕುಮಾರನ ಹಳೇ ಕೋಳಿ ಶೆಡ್ಡು. ಆ ಶೆಡ್ಡಿನಲ್ಲಿ ಕಡಲಿಗಿಳಿಯುವ ಪುಟ್ಟ ಮೀನು ದೋಣಿಗಳು ತಯಾರಾಗುತ್ತಿದ್ದವು. ಕೋಳಿಗಳು ಖಾಲಿ ಮಾಡಿಕೊಂಡು ಹೋಗಿದ್ದರೂ ವಾಸನೆ ಮಾತ್ರ ಬಾಡಿಗೆ ಕೊಡದೆ ಉಳಿದುಕೊಂಡಿತ್ತು.

ರೂಪಳಿಗೆ ಅಲ್ಲಿನ ಕೆಲಸ ನೆನಪಾಗುತ್ತಿದ್ದುದು ಬೆಳಗ್ಗೆ ಮುದ್ದೆ ಮುರಿಯುವಾಗ. ಬೆರಳ ಸಂದಿಯಲ್ಲಿ ದೋಣಿಗೆ ಅಂಟಿಸುವ ಫೈಬರ್‌ಗ್ಲಾಸ್ ಗಾಜುನೂಲಿನ ಚೂರುಗಳು. ಕಣ್ಣಿಗೆ ಕಾಣುತ್ತಿರಲಿಲ್ಲ, ಬಿಸಿ ಮುದ್ದೆಗೆ ಕೈ ಇಟ್ಟರೆ ಸುರ್ರೆಂದು ಚುಚ್ಚುತ್ತಿದ್ದವು. ಸೀರೆಯ ನೆರಿಗೆಯಲ್ಲಿ ಕೂತು ಮನೆಗೆ ಬರುತ್ತಿದ್ದವು. ಮಗಳು ತೊಡೆಯ ಮೇಲೆ ಮಲಗಿದರೆ ಅವಳೂ ಕೆರೆದುಕೊಳ್ಳುತ್ತಿದ್ದಳು.

"ಇದು ಕೂಲಿಯಲ್ಲ ಕಣೆ, ಕಜ್ಜೀನ ಕಂತಲ್ಲಿ ತಗೊಂಡಂಗೆ," ಅನ್ನುತ್ತಿದ್ದಳು ಜತೆಗೆ ಉಜ್ಜುವ ದ್ಯಾವಮ್ಮ.

ಕೆಲಸ ಹೀಗೆ. ಪ್ಲೈವುಡ್ ಹಲಗೆಗಳನ್ನು ಅಳತೆಗೆ ಕೊಯ್ದು, ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ರವಿಕೆ ಹೊಲಿದಂತೆ ಹೊಲಿಯಬೇಕು. ಸಂದಿಗೆ ರೆಸಿನ್ನು ಎಂಬ ಅಂಟು ತುಂಬಿ, ಮೇಲೆ ಗಾಜುನೂಲಿನ ಪಟ್ಟಿ ಅಂಟಿಸಿ, ಉಜ್ಜಿ ಬಣ್ಣ ಹೊಡೆದರೆ ದೋಣಿ. ಇಷ್ಟನ್ನೂ ಬೆಂಗಳೂರಿನ ಗಿರಾಕಿಗಳು ಶನಿವಾರ ಭಾನುವಾರ ಬಂದು ತಾವೇ ಮಾಡಬೇಕು. ಅದಕ್ಕೇ ಅವರು ದುಡ್ಡು ಕಟ್ಟುತ್ತಿದ್ದುದು. ಗೇಟಿನ ಮೇಲೆ ದೊಡ್ಡ ಬೋರ್ಡು: "ನಿಮ್ಮ ದೋಣಿ, ನಿಮ್ಮ ಕೈಯಾರೆ."

ಮಾಡುತ್ತಿದ್ದರು, ಇಲ್ಲ ಅನ್ನುವಂತಿಲ್ಲ. ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡ್ನರ್ ಕಮ್ಮಿ ಹಾಕಿ ಸಂದಿಯೆಲ್ಲ ಹಲಸಿನ ಮೇಣ. ಇಲ್ಲವೇ ಬಕೆಟ್ ತುಂಬ ಒಟ್ಟಿಗೇ ಕಲಸಿಟ್ಟು ಸೆಲ್ಫಿ ತೆಗೆಯುವಷ್ಟರಲ್ಲಿ ಬಕೆಟ್ಟಿನಲ್ಲೇ ಕಾದು ಗಟ್ಟಿಯಾಗಿ ಹೊಗೆ. ಭಾನುವಾರ ಸಂಜೆ ಕಾರುಗಳು ಹೋಗುತ್ತಿದ್ದವು. ಸೋಮವಾರ ಬೆಳಗ್ಗೆ ಇವರು ನಾಲ್ವರು ಬಂದು ಅದನ್ನೆಲ್ಲ ಕೆರೆದು, ಕಿತ್ತು, ಮೊದಲಿಂದ ಕಟ್ಟುತ್ತಿದ್ದರು. ರೂಪ, ಅವಳ ಗಂಡ ದೇವರಾಜ, ಬಡಗಿ ಮುನಿಕೃಷ್ಣ, ದ್ಯಾವಮ್ಮ. ಗಿರಾಕಿ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು ಗೀಚಿದ್ದರೆ, ಹೊಸ ಹಲಗೆಯ ಮೇಲೂ ಅದೇ ವಕ್ರದಲ್ಲಿ ಗೀಚಬೇಕು. ಆ ಕೆಲಸ ರೂಪಳದು. ಶನಿವಾರ ಗಿರಾಕಿ ಬಂದು, ಕಲ್ಲಿನಂತೆ ಗಟ್ಟಿಯಾದ ಸಂದಿ ಸವರಿ, "ನೋಡಿ, ನಂದು!" ಅನ್ನುತ್ತಿದ್ದ. ಆಗ ಇವರು ಹಿಂದಿನ ಮೇವಿನ ಕೋಣೆಯಲ್ಲಿ ಇರಬೇಕು. ಗಿರಾಕಿಗಳ ಕಣ್ಣಿಗೆ ಬೀಳಬಾರದು ಎಂಬುದು ಕಟ್ಟುನಿಟ್ಟು.

ಕೋಣೆಯೊಳಗೆ ಮುನಿಕೃಷ್ಣ ಸುನಿಲನ ದನಿ ತೆಗೆಯುತ್ತಿದ್ದ. "ಗೈಸ್, ಗೈಸ್! ನಿಮ್ಮೊಳಗೊಬ್ಬ ಮೀನುಗಾರ ಮಲಗವ್ನೆ. ಅವನ್ನ ಎಬ್ಬಿಸಿ!"

"ಮಲಗಿರ್ಲಿ ಬಿಡಣ್ಣ," ಅನ್ನುತ್ತಿದ್ದಳು ರೂಪ. "ಎದ್ರೆ ಸೋಮವಾರ ನಮ್ಗೇ ಕೆಲಸ."

ಆ ಸಲದ ತಂಡದಲ್ಲಿ ವಿಜಯ್ ಅಂತ ಒಬ್ಬ ಗಿರಾಕಿಯಿದ್ದ. ವಿಮಾ ಕಂಪನಿಯ ಮ್ಯಾನೇಜರು, ದುಂಡು ಮೈ. ಹೆಂಡತಿಯ ತವರು ಗಂಗೊಳ್ಳಿ. ಹೋದಾಗೆಲ್ಲ ಬಾಮೈದುನ, "ಭಾವನಿಗೆ ಬಕೆಟ್ ನೀರು ಕಂಡ್ರೂ ಭಯ," ಅಂತ ಆಡಿಕೊಳ್ಳುತ್ತಿದ್ದನಂತೆ. ಸ್ವಂತ ದೋಣಿ ಕಟ್ಟಿ, ಗಂಗೊಳ್ಳಿಯ ಕಡಲಿಗಿಳಿದು, ಒಂದೇ ಒಂದು ಬಂಗುಡೆ ಹಿಡಿದಾದರೂ ಅವನ ಮುಂದೆ ಬಿಸಾಕಬೇಕೆಂದು ವಿಜಯ್ ಹಠ ತೊಟ್ಟಿದ್ದ. ಇದನ್ನು ಆತ ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದನೆಂದರೆ ಮೇವಿನ ಕೋಣೆಯಲ್ಲಿದ್ದವರಿಗೂ ಬಾಯಿಪಾಠವಾಗಿತ್ತು.

ಈ ತಂಡದ ದೋಣಿಗಳಿಗೆ ಪಕ್ಕದ ಹಲಗೆಗಳನ್ನು ಕೂಡಿಸಿಟ್ಟಿದ್ದ ವಾರದ ಬುಧವಾರ, ಹಲಗೆ ಕೊಯ್ಯುವ ಮಿಷನ್ನಿಗೆ ದೇವರಾಜನ ಬಲಗೈ ಸಿಕ್ಕಿತು. ಬ್ಲೇಡಿನ ಮೇಲಿನ ಮುಚ್ಚಳವನ್ನು ಸುನಿಲನೇ ತೆಗೆಸಿದ್ದ, ವಿಡಿಯೋದಲ್ಲಿ ಬ್ಲೇಡು ಚೆನ್ನಾಗಿ ಕಾಣಲಿ ಅಂತ. ಎರಡು ಬೆರಳು ಮರದ ಹೊಟ್ಟಿನೊಳಗೆ ಬಿದ್ದವು.

ಸುನಿಲ ಬಂದ. ಕಾರಿನ ಸೀಟಿನ ಮೇಲೆ ಟಾರ್ಪಾಲ್ ಹಾಸಿ ದೇವರಾಜನನ್ನು ಕೂರಿಸಿದ. ದೊಡ್ಡಬಳ್ಳಾಪುರದ ಆಸ್ಪತ್ರೆ ಗೇಟಿನಲ್ಲಿ ಇಳಿಸಿ, "ಮನೇಲಿ ಎಳನೀರು ಕೊಚ್ಚುವಾಗ ಆಯ್ತು ಅನ್ನು. ಮಿಕ್ಕಿದ್ದು ನಾನ್ ನೋಡ್ಕೋತೀನಿ," ಅಂದ. ಮಿಕ್ಕಿದ್ದು ಮೂರು ಬೆರಳು. ಅದನ್ನೂ ನೋಡಲು ಬರಲಿಲ್ಲ.

ಬ್ಯಾಂಡೇಜು ಸುತ್ತುತ್ತಿದ್ದ ನರ್ಸಮ್ಮ ರೂಪಳನ್ನು ಪಕ್ಕಕ್ಕೆ ಕರೆದಳು. "ಗಾಯದ ತುಂಬ ಮರದ ಪುಡಿ ಐತೆ. ಎಳನೀರಲ್ಲಿ ಪ್ಲೈವುಡ್ ಇರುತ್ತೇನಮ್ಮ? ಕಾರ್ಮಿಕ ಇಲಾಖೆಗೆ ಅರ್ಜಿ ಕೊಡು. ನಮ್ಮಲ್ಲಿ ಕೆಲ್ಸ ಮಾಡ್ತಿದ್ದ ಅಂತ ನಿಮ್ ಮಾಲೀಕ ಒಂದ್ ಮಾತು ಒಪ್ಪಿದ್ರೆ ಪರಿಹಾರ ಸಿಗುತ್ತೆ. ಒಪ್ಪದಿದ್ರೆ ಜೀವಮಾನಪೂರ್ತಿ ಎಳನೀರೇ."

ಒಂದು ಮಾತು. ರೂಪಳಿಗೆ ಬೇಕಾಗಿದ್ದುದು ಅಷ್ಟೇ.

ಮರುದಿನವೇ ಅರ್ಜಿ ಕೊಟ್ಟಳು. ಸೋಮವಾರ ಇಲಾಖೆಯ ಸಾಹೇಬರು ಶೆಡ್ಡಿಗೇ ಬಂದರು.

"ಎಷ್ಟು ಜನ ಕೆಲಸಕ್ಕಿದ್ದಾರ್ರೀ ಇಲ್ಲಿ?"

"ಒಬ್ರೂ ಇಲ್ಲ ಸಾರ್," ಸುನಿಲ ನಕ್ಕ. "ಬೋರ್ಡ್ ಓದಿ. ಗಿರಾಕಿಗಳೇ ಕಟ್ಕೋತಾರೆ. ಅದೇ ನಮ್ ಕಾನ್ಸೆಪ್ಟು."

ರೂಪ ಅಲ್ಲೇ ನಿಂತಿದ್ದಳು. ಕೈಯಲ್ಲಿ ಉಜ್ಜುಕಾಗದ, ಹುಬ್ಬಿನ ತನಕ ಬಿಳಿ ಧೂಳು.

"ಇವರು?"

"ಊರೋರು ಸಾರ್. ನೋಡಕ್ ಬರ್ತಾರೆ. ದೋಣಿ ಕಂಡಿಲ್ವಲ್ಲ, ಪಾಪ."

"ಸಾರ್, ಮೂರು ವರ್ಷದಿಂದ ನಾನೂ ನಮ್ಮೆಜಮಾನ್ರೂ..."

"ಗುರುತಿನ ಚೀಟಿ ಇದ್ಯೇನಮ್ಮ? ಹಾಜರಿ? ಬ್ಯಾಂಕಿಗೆ ಸಂಬಳ ಬಿದ್ದಿದ್ದು?"

"ಕೈಗೆ ಕೊಡ್ತಾರೆ ಸಾರ್."

"ಕೈಗೆ ಕೊಟ್ಟಿದ್ದಕ್ಕೆ ಏನು ಸಾಕ್ಷಿ?"

"ಕೈಯೇ ಸಾರ್," ಅಂತ ರೂಪ ಎರಡೂ ಅಂಗೈ ಚಾಚಿದಳು. ಸಾಹೇಬರು ಅಂಗೈ ನೋಡಿದರು, ಆಮೇಲೆ ಗಡಿಯಾರ ನೋಡಿದರು. ಎಳನೀರು ಕುಡಿದು ಜೀಪು ಹತ್ತಿದರು.

ಸುನಿಲನ ದನಿ ಬದಲಾಯಿತು. "ಏನಮ್ಮಾ, ಕಂಪ್ಲೇಂಟಾ? ನಿನ್ ಗಂಡನ್ನ ಕಾರಲ್ಲಿ ಕೂರಿಸ್ಕೊಂಡ್ ಹೋದೋನು ನಾನು. ನೆನಪಿರ್ಲಿ. ಭಾನುವಾರ ಕೆರೇಲಿ ಟ್ರಯಲ್ಲು. ಮೂರೂ ದೋಣಿ ರೆಡಿ ಇರ್ಬೇಕು." ಅಂದವನೇ ಸೈಟು ವ್ಯಾಪಾರಕ್ಕೆ ದೇವನಹಳ್ಳಿ ಕಡೆ ಹೋದ. ವಾರವಿಡೀ ಆ ಕಡೆಯೇ ಇರುತ್ತಿದ್ದ.

ಹೊಂಗೆಮರದ ಕೆಳಗೆ ಮೂವರು ಕೂತರು. ಹಿಂದಿನ ದಿನವಷ್ಟೇ ಗಿರಾಕಿಗಳು ದೋಣಿಗಳಿಗೆ ತಳ ಹೊಲಿದು, ರೆಸಿನ್ನು ಮೆತ್ತಿ ಹೋಗಿದ್ದರು. ವಿಜಯನ ದೋಣಿಯ ತಳದ ಸಂದಿಗೆ ಬೆರಳಿಟ್ಟರೆ ಅಂಟು ಬೆರಳಿಗೇ ಬರುತ್ತಿತ್ತು.

"ನಾವಿಲ್ಲ ಅಂದ್ನಲ್ಲ," ಅಂದಳು ದ್ಯಾವಮ್ಮ, ಎಲೆಯಡಿಕೆ ಮಡಚುತ್ತ. "ಇಲ್ದೇ ಇದ್ಬಿಡಾನ."

"ಅಂದ್ರೆ?"

"ಮುಟ್ಟೋದ್ ಬ್ಯಾಡ. ಅವರು ಕಟ್ಟಿದ್ದು ಅವರಿಗೇ ಇರ್ಲಿ. ಕೆರೆ ಅಂಚು ಸೊಂಟದ ಮಟ್ಟ. ಮೇಲೆ ಉಬ್ಬೋ ಜಾಕೀಟು ಬೇರೆ ಹಾಕಿರ್ತಾರೆ. ಯಾರ್ ಸಾಯ್ತಾರೆ?"

ಮುನಿಕೃಷ್ಣನಿಗೆ ಅದೇ ಚಿಂತೆ. "ಕೆರೇಲಿ ಮುಳುಗಿದ್ರೆ ನಗಾಡ್ಬೋದು ಅಕ್ಕ. ಕೆರೇಲಿ ತೇಲ್ಬಿಟ್ಟು, ಸಮುದ್ರದಲ್ಲಿ ಬಿಟ್ಕೊಂಡ್ರೆ?"

ರೂಪ ಬೆರಳಿಗಂಟಿದ ರೆಸಿನ್ನನ್ನು ಉಜ್ಜಿ ತೆಗೆದಳು. ಆಮೇಲೆ ಅಂದಳು: "ತೇಲಿದ್ರೆ ನಾನೇ ಬಾಯಿ ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ವಾರಪೂರ್ತಿ ಹೊತ್ತಿಗೆ ಸರಿಯಾಗಿ ಬಂದರು, ಹೊತ್ತಿಗೆ ಸರಿಯಾಗಿ ಹೋದರು. ದೋಣಿಗಳನ್ನು ಮುಟ್ಟಲಿಲ್ಲ.

ಶನಿವಾರ ಮುಂಜಾನೆ ಗಿರಾಕಿಗಳಿಗಿಂತ ಮೊದಲು ಬಂದ ಸುನಿಲ ತಳ ಸವರಿ ನೋಡಿ ಕೂಗಾಡಿದ. "ಯಾಕೆ ಮುಟ್ಟಿಲ್ಲ ಇದನ್ನ?"

"ಯಾರು ಮುಟ್ಬೇಕಿತ್ತಣ್ಣ?" ರೂಪ ಕೇಳಿದಳು. "ಕೆಲಸದೋರೇ ಇಲ್ವಲ್ಲ ಇಲ್ಲಿ."

ಅಷ್ಟರಲ್ಲಿ ಗೇಟಿನಾಚೆ ಕಾರಿನ ಸದ್ದು. ಸುನಿಲನೇ ಪುಟ್ಟಿ ಡಬ್ಬ ಒಡೆದು ಸಂದಿಗಳಿಗೆಲ್ಲ ಮೆತ್ತತೊಡಗಿದ.

"ಅಣ್ಣ, ಒಳಗೆ ಅಂಟು ಹಿಡ್ದಿಲ್ಲ," ಅಂದಳು ರೂಪ. "ಮೇಲೆ ಮೆತ್ತಿದ್ರೆ ಆಗಲ್ಲ. ಅದು ಸಮುದ್ರಕ್ ಹೋಗೋ ದೋಣಿ."

"ಕೆರೇಲಿ ಹತ್ ನಿಮಿಷ ತೇಲಿದ್ರೆ ಸಾಕು ನಂಗೆ. ಆಮೇಲೆ ಅವರ ಜವಾಬ್ದಾರಿ ಅಂತ ಸಹಿ ಹಾಕಿಸ್ಕೊಂಡಿದೀನಿ. ನೀನು ಬಾಯ್ ಮುಚ್ಕೊಂಡು ಕೋಣೆಗ್ ಹೋಗು. ಸೋಮವಾರದಿಂದ ಬರ್ಬೇಡ."

ಗಿರಾಕಿಗಳು ಬಂದರು. ಒರಟೊರಟು ತಳ ನೋಡಿ ಮುಖ ಕಿವುಚಿದರು. "ಗೈಸ್, ಹ್ಯಾಂಡ್‌ಮೇಡ್ ಅಂದ್ರೆ ಇದೇ! ನುಣ್ಣಗಿದ್ರೆ ಅದು ಫ್ಯಾಕ್ಟರಿ ಮಾಲು," ಅಂದ ಸುನಿಲ. ಚಪ್ಪಾಳೆ ಬಿತ್ತು. ನೀಲಿ ಬಣ್ಣ ಎರಡು ಕೋಟು ಬಿತ್ತು.

ಭಾನುವಾರ ಕೆರೆ ಏರಿಯ ಮೇಲೆ ಕಾರುಗಳ ಸಾಲು. ದೋಣಿಗಳಿಗೆ ಹೂವಿನ ಹಾರ, ಕುಂಬಳಕಾಯಿ, ಆರತಿ. ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿ ಇಡುವುದೆಂದು ಪೂಜಾರಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ವಿಡಿಯೋದವನು ನೀರಿಗಿಳಿದು ನಿಂತಿದ್ದ. ಸಿಂಚನ ಅನ್ನುವ ಇನ್ನೊಬ್ಬ ಗಿರಾಕಿ ಮೊಬೈಲು ಎತ್ತಿ ಹಿಡಿದಿದ್ದಳು. ಏರಿಯ ಕಲ್ಲಿನ ಮೇಲೆ ದೇವರಾಜ, ಬ್ಯಾಂಡೇಜಿನ ಕೈಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ರೂಪ, ದ್ಯಾವಮ್ಮ, ಮುನಿಕೃಷ್ಣ. ಕೆರೆ ಊರಿನದು, ಏರಿಯ ಮೇಲಿಂದ ಓಡಿಸಲು ಯಾರಿಗೂ ಹಕ್ಕಿರಲಿಲ್ಲ.

ಮೊದಲು ವಿಜಯ್. ಹುಟ್ಟು ಹಿಡಿದು ಹತ್ತಿದ. ದೋಣಿ ಒಂದು ಸಲ ಅಲುಗಿತು.

ತೇಲಿತು.

"ಹೇ!" ಅಂತ ಕೂಗು. ಸುನಿಲ ಏರಿಯ ಕಡೆ ತಿರುಗಿ ರೂಪಳನ್ನೇ ನೋಡಿ ನಕ್ಕ. ವಿಜಯ್ ಒಂದು ಸುತ್ತು ಹಾಕಿದ. ಎರಡನೇ ಸುತ್ತಿಗೆ ಹಾಡತೊಡಗಿದ. "ನಾಳೆ ಲಾರಿ! ನಾಡಿದ್ದು ಗಂಗೊಳ್ಳಿ!"

ತಳದ ಆ ಅಂಟು ಇನ್ನೂ ರೂಪಳ ಬೆರಳಿನಲ್ಲೇ ಇದ್ದಂತಿತ್ತು. ಈ ಮನುಷ್ಯ ನಾಡಿದ್ದು ಉಪ್ಪುನೀರಿನ ನಡುವೆ ಇರುತ್ತಾನೆ, ಅಲ್ಲಿ ಏರಿಯೂ ಇಲ್ಲ, ಸೊಂಟದ ಮಟ್ಟವೂ ಇಲ್ಲ. ಅವಳು ಸೀರೆ ಎತ್ತಿಕಟ್ಟಿ ನೀರಿಗಿಳಿದಳು.

"ಲೇ, ಯಾರವಳು? ಹಿಡೀರಿ ಅವಳ್ನ!" ಸುನಿಲ ಕೂಗಿದ. ಯಾರೂ ಬೂಟು ನೆನೆಸಿಕೊಳ್ಳಲಿಲ್ಲ.

"ಸಾರ್! ವಿಜಯ್ ಸಾರ್! ಇದನ್ನ ಸಮುದ್ರಕ್ ಒಯ್ಬೇಡಿ!"

ವಿಜಯ್ ಹುಟ್ಟು ನಿಲ್ಲಿಸಿದ. "ಯಾರಮ್ಮ ನೀನು?"

"ಇದರ ತಳ ಹಿಡ್ದಿಲ್ಲ ಸಾರ್. ಬಣ್ಣ ಹಿಡ್ಕೊಂಡೈತೆ ಅಷ್ಟೇ."

"ನಾನೇ ಕಟ್ಟಿರೋದಮ್ಮ ಇದನ್ನ!" ಅಂತ ವಿಜಯ್ ದೋಣಿಯಲ್ಲಿ ಎದ್ದು ನಿಂತ. ನಂಬಿಸಲೆಂದು ಬಲಗಾಲಿನಿಂದ ತಳಕ್ಕೆ ದಬದಬ ಎರಡು ಬಾರಿ ತುಳಿದ. "ನೋಡು! ಕಲ್ಲು!"

ಗೋಣಿಚೀಲದ ಹೊಲಿಗೆ ಎಳೆದಾಗ ಬರುವಂಥ ಸದ್ದಾಯಿತು. ತಳದ ಹಲಗೆಗಳು ಒಂದೊಂದೂ ಒಂದೊಂದು ದಿಕ್ಕಿಗೆ ಸರಿದವು. ವಿಜಯ್ ನೇರಕ್ಕೆ ನೀರೊಳಗಿಳಿದ. ರೂಪ ನೆಗೆದು ಅವನ ರಟ್ಟೆ ಹಿಡಿದಳು. ಕಾಲು ಕೆಸರಿಗೆ ತಾಕಿತು, ನಿಂತ. ದೋಣಿಯ ಪಕ್ಕದ ಹಲಗೆಗಳು, ಈ ನಾಲ್ವರು ಕಟ್ಟಿದವು, ಒಂಚೂರೂ ಬಿಡದೆ ಅವನ ಸೊಂಟದ ಸುತ್ತ ಲಂಗದ ಹಾಗೆ ತೇಲುತ್ತಿದ್ದವು.

ಸುನಿಲ ಉರಿದುಬಿದ್ದ. "ಲೇ ಮುನಿಕೃಷ್ಣ! ಏನ್ ಮಾಡಿದ್ರೋ ದೋಣಿಗೆ?"

"ಏನೂ ಮಾಡಿಲ್ಲಣ್ಣ," ಮುನಿಕೃಷ್ಣ ಕೈಮುಗಿದ. "ದೇವರಾಣೆ, ಏನೂ ಮಾಡಿಲ್ಲ."

"ಏನೂ ಮಾಡ್ದಿರಕ್ಕೇನ್ರೋ ವಾರ ವಾರ ಸಂಬಳ ಕೊಡೋದು ನಾನು? ಮೂರು ವರ್ಷದಿಂದ ನನ್ ದುಡ್ಡು ತಿಂದ್ಕೊಂಡು ನಂಗೇ ಗುಂಡಿ ತೋಡ್ತೀರಾ?"

"ಯಾರ್ಯಾರಿಗೆ ಕೊಟ್ರಿ ಅಣ್ಣ?" ನೀರಿನಲ್ಲಿ ನಿಂತೇ ರೂಪ ಕೇಳಿದಳು, ಮೆತ್ತಗೆ.

"ನಿಂಗೆ! ಈ ನನ್ಮಗನಿಗೆ! ಆ ಮುದುಕಿಗೆ!"

"ಅವ್ರಿಗೆ?" ರೂಪ ಏರಿಯ ಕಲ್ಲಿನ ಕಡೆ ಕೈ ತೋರಿಸಿದಳು.

"ಅವನಿಗೂ! ನನ್ ಮಿಷನ್ನಲ್ಲಿ ಬೆರಳು ಕಳ್ಕೊಂಡ್ನಲ್ಲ, ಆ ದಿನದ ಕೂಲೀನೂ ಇಟ್ಕೊಂಡಿಲ್ಲ ಕಣೇ ನಾನು!"

ಅಂದಮೇಲೆ ಅವನಿಗೇ ಕೇಳಿಸಿತು. ಕೆರೆಯ ಆಚೆ ದಡದ ಕೊಕ್ಕರೆಗಳಿಗೂ ಕೇಳಿಸಿರಬೇಕು, ಒಂದೆರಡು ಎದ್ದು ಹಾರಿದವು.

"ಕ್ಯಾಮೆರಾ ಆಫ್ ಮಾಡ್ರೋ," ಅಂದ ಸುನಿಲ.

"ಲೈವ್ ಹೋಗ್ತಿದೆ ಸುನಿಲ್," ಅಂದಳು ಸಿಂಚನ, ಮೊಬೈಲು ಇಳಿಸದೆ.

ದೇವರಾಜ ಕಲ್ಲಿನಿಂದ ಎದ್ದು ನಿಂತ. ವಿಜಯ್ ರೂಪಳ ಕಡೆ ತಿರುಗಿದ. ಜಾಕೀಟು ಉಬ್ಬಿ ಕಿವಿಗೆ ಬಂದಿತ್ತು.

"ಹಾಗಾದ್ರೆ ಇಷ್ಟು ದಿನ ನಾನ್ ಹಾಕಿದ ಸಂದಿ..."

"ನಾವು ಸಾರ್."

"ಆ ಪಕ್ಕದ ಹಲಗೆ? ಅದರ ಮೇಲೆ ನನ್ನ ಸಹಿ ಇದೆ!"

"ಅದೂ ನಾನೇ ಸಾರ್. ಈ ವಾರ ಮಾತ್ರ ಮುಟ್ಟಿಲ್ಲ. ತಳ ನಿಮ್ದೇ."

ಅವನ ಮುಖ ಕೆಂಪಾಯಿತು. ಹೊಡೆಯುತ್ತಾನೇನೋ ಅಂತ ರೂಪ ಒಂದು ಹೆಜ್ಜೆ ಹಿಂದೆ ಸರಿದಳು. ವಿಜಯ್ ಸೊಂಟದ ಸುತ್ತಲಿನ ನೀಲಿ ಹಲಗೆಗಳನ್ನು ನೋಡಿದ, ದೂರ ಹೋಗುತ್ತಿದ್ದ ತಳದ ಚೂರುಗಳನ್ನು ನೋಡಿದ. ಮೊದಲು ನಕ್ಕವಳು ದ್ಯಾವಮ್ಮ, ಸೆರಗು ಬಾಯಿಗೊತ್ತಿಕೊಂಡು. ಮುನಿಕೃಷ್ಣ ನಕ್ಕ, ದೇವರಾಜ ನಕ್ಕ, ಏರಿಯೇ ನಕ್ಕಿತು. ಆದರೆ ಎಲ್ಲರ ಸದ್ದನ್ನೂ ನುಂಗಿ ಕೆರೆಯ ನಡುವಿನಿಂದ ಎದ್ದದ್ದು ವಿಜಯನ ನಗು.

"ತಳ ಮಾತ್ರ ನಂದು ಕಣ್ರೀ!" ಅವನು ಎರಡೂ ಕೈಯಲ್ಲಿ ನೀರು ಬಡಿಯುತ್ತ, ಕಣ್ಣಲ್ಲಿ ನೀರು ಬರಿಸಿಕೊಂಡು, ಮೊಬೈಲುಗಳ ಕಡೆ ಕೂಗುತ್ತಿದ್ದ. "ತಳ ಒಂದೇ ನಂದು!"